ಫೈನಲ್‌ಗೆ ಎರಡು ಬಾವುಟ

ಸೆಪ್ಟೆಂಬರ್ ೧೧

ಮಿಡತೆಗೆ,

ಮೊದಲು ನಿನ್ನ ಮೊಣಕಾಲಿನ ವಿಷಯ ಬರೆ, ಆಮೇಲೆ ಉಳಿದದ್ದು. ಹೋದ ಸಲ ನೀನು ಮನೆಗೆ ಬಂದಾಗ ಮೆಟ್ಟಿಲು ಇಳಿಯುತ್ತಾ ಗೋಡೆ ಹಿಡಿದುಕೊಂಡೆ. ಅಪ್ಪ ನೋಡಲಿಲ್ಲ ಎಂದುಕೊಂಡಿದ್ದೀಯ. ನೋಡಿದೆ. ಕೇಳಿದರೆ ಸಿಟ್ಟು ಮಾಡುತ್ತೀಯ ಎಂದು ಸುಮ್ಮನಿದ್ದೆ. ಪತ್ರದಲ್ಲಿ ಕೇಳಿದರೆ ನೀನು ಸಿಟ್ಟು ಮಾಡಿದ್ದು ನನ್ನ ಕಿವಿಗೆ ಬೀಳುವುದಿಲ್ಲ, ಅದಕ್ಕೇ ಈಗ ಕೇಳುತ್ತಿದ್ದೇನೆ.

ಎದುರಂಗಡಿಯಲ್ಲಿ ಮುರಿದ ಕೊಡೆಗಳ ಮಧ್ಯೆ ಕೂತುಕೊಂಡು ಕೊಡೆ ಮಾಮ ದಿನವೂ ಅಣಕಿಸುತ್ತಾನೆ. "ಅಲ್ಲಯ್ಯಾ, ಈ ಕಾಲದಲ್ಲೂ ಪತ್ರ ಬರೀತಾರಾ?"

"ಮಗಳು ಅಂಚೆ ಕಚೇರೀಲಿ ಇದ್ದಾಳೆ. ನಾವೇ ಬರೀದಿದ್ರೆ ಇನ್ಯಾರು ಬರೀತಾರೆ?" ಎಂದೆ. ನಿಜ ಏನೆಂದರೆ ಫೋನ್ ಹೊಡೆದುಕೊಂಡ ಕೂಡಲೇ ನನ್ನ ಎದೆ ಧಸಕ್ಕೆನ್ನುತ್ತದೆ. ಎತ್ತಿದ ಮೇಲೆ ನೀನು ಏನು ಹೇಳಿದೆ ಎಂಬುದೇ ನೆನಪಿರುವುದಿಲ್ಲ. ಪತ್ರವಾದರೆ ನಾಲ್ಕು ಸಲ ಓದಿ ನಾಲ್ಕು ಸಲ ಹೆದರಿಕೊಳ್ಳಬಹುದು.

ಇಲ್ಲೊಂದು ಹೊಸ ಕಳವಳ. ಕ್ರೀಡಾಂಗಣಕ್ಕೆ ಹೊಸ ಕಾರ್ಯದರ್ಶಿ ಬಂದಿದ್ದಾರೆ. ಹೆಂಗಸು, ನಿನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ಮೊನ್ನೆ ನೇರವಾಗಿ ಅಂಗಡಿಗೇ ಬಂದುಬಿಟ್ಟರು. ನನ್ನ ಕೆಲಸ ಹೋಯಿತು ಎಂದೇ ಅಂದುಕೊಂಡೆ. ಕೇಳಿದ್ದು ಇಷ್ಟೇ.

"ಬ್ಯಾಸ್ಕೆಟ್‌ಬಾಲ್ ಲೀಗಿನ ಪ್ರತಿ ಫೈನಲ್‌ಗೂ ನೀವು ಎರಡು ಬಾವುಟ ಹೊಲೀತೀರಂತೆ. ಗೆಲ್ಲೋದು ಒಂದೇ ತಂಡ ಅಲ್ವಾ?"

"ಯಾವ ತಂಡ ಅಂತ ಮೊದಲೇ ಹೇಳಿಬಿಟ್ರೆ ಒಂದೇ ಹೊಲೀತೀನಮ್ಮ" ಎಂದೆ. ಬಾಯಿ ತಪ್ಪಿ ಬಂತು, ಆಮೇಲೆ ಬೆವರಿದೆ. ಪುಣ್ಯಕ್ಕೆ ಅವರು ನಕ್ಕರು.

ಆಮೇಲೆ ನಿಧಾನವಾಗಿ ಹೇಳಿದೆ. ಗೆದ್ದ ಹುಡುಗಿಯರು ಅಂಗಳದಿಂದ ಇಳಿಯುವ ಮೊದಲು, ಬೆವರು ಆರುವ ಮೊದಲು, ಅವರ ತಂಡದ ಬಾವುಟ ಛಾವಣಿಯ ತೊಲೆಗೆ ಏರಬೇಕು. ಲೀಗ್ ಹುಟ್ಟಿದಾಗಿನಿಂದ ಇದೇ ಪದ್ಧತಿ. ಅದಕ್ಕೇ ಫೈನಲ್‌ಗೆ ಬಂದ ಎರಡೂ ತಂಡಕ್ಕೆ ಹೊಲಿದಿಡುತ್ತೇನೆ. ಗೆದ್ದವರದು ಮೇಲೆ ಹೋಗುತ್ತದೆ. ಸೋತವರದು ಕಟ್ಟಿದ ಗಂಟು ಕಟ್ಟಿದ ಹಾಗೆಯೇ ನನ್ನ ಜೊತೆ ಮನೆಗೆ ಬರುತ್ತದೆ.

"ಮನೆಗೆ ಬಂದು?"

"ಏನೋ ಒಂದು ಆಗುತ್ತೆ. ಚೀಲ, ಪರದೆ, ಹೊದಿಕೆ. ನೀವೀಗ ಕೂತಿರೋ ದಿಂಬು ಹನ್ನೊಂದನೇ ವರ್ಷ ಸೋತ ವಿದ್ಯುತ್ ಮಂಡಳಿ."

ಪಾಪ, ಧಡಕ್ಕನೆ ಎದ್ದು ನಿಂತರು. "ಕೂತ್ಕೊಳ್ಳಿ ಮೇಡಂ, ಅವರಿಗೆ ಅಭ್ಯಾಸ ಆಗಿದೆ!" ಎಂದು ಕೊಡೆ ಮಾಮ ಅಲ್ಲಿಂದಲೇ ಕೂಗಿದ.

ಲೀಗಿನ ಇಪ್ಪತ್ತಾರನೇ ವರ್ಷ ಅಲ್ಲವೇ ಇದು, ಇಲ್ಲಿಯವರೆಗೆ ಗೆದ್ದವರ ಹೆಸರನ್ನೆಲ್ಲ ಬಾಗಿಲ ಬಳಿ ಒಂದು ಫಲಕದಲ್ಲಿ ಬರೆಸುತ್ತಾರಂತೆ. ನನ್ನನ್ನು ಕೇಳಿದರು. ನನಗೆ ಬಟ್ಟೆಯ ಲೆಕ್ಕದಲ್ಲಿ ಮಾತ್ರ ಗೊತ್ತು. ಮೊದಲ ಎರಡು ವರ್ಷ ನಿಮ್ಮ ಅಂಚೆ ತಂಡ, ಕೆಂಪು, ಹೊಲಿದದ್ದು ನಿಮ್ಮಮ್ಮ. ಮೂರನೇ ವರ್ಷ ಅವಳು ಕಾಯಿಲೆ ಬಿದ್ದಳು, ಮತ್ತೆ ಏಳಲಿಲ್ಲ, ಕತ್ತರಿ ನನ್ನ ಕೈಗೆ ಬಂತು. ಆಮೇಲೆ ಗಿರಣಿಯವರು ಸಾಲಾಗಿ ಗೆದ್ದರು. ಅವರ ಹಸಿರು ಬಣ್ಣ ಬಿಟ್ಟು ಗೋಡೆಯ ಮೇಲೆ ಗೆರೆ ಇಳಿದದ್ದು ಇನ್ನೂ ಇದೆ. ಎಂಟನೇ ವರ್ಷ ನೆರೆ ಬಂದು ಊರ ಜನವೆಲ್ಲ ಕ್ರೀಡಾಂಗಣದಲ್ಲಿ ಮಲಗಿದ್ದರು, ಯಾರೂ ಗೆಲ್ಲಲಿಲ್ಲ. ಸಕ್ಕರೆ ಕಾರ್ಖಾನೆಯ ಹುಡುಗಿಯರು ಹದಿನಾಲ್ಕನೇ ವರ್ಷ ಒಂದೇ ಒಂದು ಸಲ ಗೆದ್ದರು. ಕಾರ್ಖಾನೆ ಮುಚ್ಚಿತು, ತಂಡವೂ ಹೋಯಿತು, ಹಳದಿ ಬಾವುಟ ಮಾತ್ರ ಒಂಟಿಯಾಗಿ ನೇತಾಡುತ್ತಿದೆ. ಈಚೆಗೆ ಗೆಲ್ಲುವುದು ಬರೀ ಬಂದರು ಇಲಾಖೆಯ ತಂಡ. ನೀಲಿ ಬಟ್ಟೆಯನ್ನು ಥಾನುಗಟ್ಟಲೆ ತರಿಸಿಕೊಂಡಿದ್ದೇನೆ.

ಇದರಲ್ಲಿ ತಪ್ಪಿದ್ದರೆ ತಿದ್ದು. ಇನ್ನೊಂದು. ನಿಮ್ಮಮ್ಮ 'ಚ್ಯಾಂಪಿಯನ್' ಎಂದು ಹೊಲಿದಿದ್ದಾಳೆ, ನಾನು 'ಚಾಂಪಿಯನ್' ಎಂದು ಹೊಲಿಯುತ್ತಾ ಬಂದಿದ್ದೇನೆ. ಯಾವುದು ಸರಿ? ನಾನು ನಾಲ್ಕನೇ ಕ್ಲಾಸಿನಲ್ಲಿ ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟವನು. ಇಷ್ಟು ವರ್ಷ ತಪ್ಪು ಹೊಲಿದು ಎಲ್ಲರ ತಲೆಯ ಮೇಲೆ ಕಟ್ಟಿದ್ದೇನೋ ಎಂದು ರಾತ್ರಿ ನಿದ್ದೆ ಬರುತ್ತಿಲ್ಲ.

ಮೊಣಕಾಲಿಗೆ ಮೊದಲು ಉತ್ತರ ಬರೆ.

ಉತ್ತರ ಬರುವ ತನಕ ಹೀಗೇ ಇರುವ,
ಅಪ್ಪ


ಅಕ್ಟೋಬರ್ ೩

ಅಪ್ಪ,

ಮೊಣಕಾಲು ಚೆನ್ನಾಗಿದೆ. ನೋಡು, ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಸಕ್ಕರೆಯವರು ಗೆದ್ದದ್ದು ಹದಿಮೂರನೇ ವರ್ಷ, ಹದಿನಾಲ್ಕಲ್ಲ. ಆ ವರ್ಷ ಮೊದಲ ಸಲ ನನ್ನ ಕೈಗೂ ಹಗ್ಗ ಕೊಟ್ಟು ಎಳೆಯಲು ಬಿಟ್ಟೆಯಲ್ಲ, ನಾನು ಮರೆಯುತ್ತೇನೆಯೇ? ಹಳದಿ ಬಾವುಟ ಅರ್ಧಕ್ಕೆ ಸಿಕ್ಕಿಕೊಂಡಿತು. ನೀನು ಅಳುವ ಹಾಗಾಗಿದ್ದೆ, ಕೆಳಗೆ ಆ ಹುಡುಗಿಯರು ನಗುತ್ತಾ "ಇನ್ನೂ ಮೇಲೆ, ಇನ್ನೂ ಮೇಲೆ" ಎಂದು ಕೂಗುತ್ತಿದ್ದರು. ನಾನು ಬ್ಯಾಸ್ಕೆಟ್‌ಬಾಲ್ ಆಡಬೇಕು ಎಂದುಕೊಂಡದ್ದು ಆವತ್ತೇ. ಅವರ ಹಾಗೆ ಕುತ್ತಿಗೆ ಎತ್ತಿ ನೋಡಬೇಕು ಅನ್ನಿಸಿತ್ತು.

ಚ್ಯಾಂಪಿಯನ್, ಚಾಂಪಿಯನ್ ಎರಡೂ ನಡೆಯುತ್ತದೆ. ನಿದ್ದೆ ಮಾಡು.

ಕಾರ್ಯದರ್ಶಿಯಮ್ಮನನ್ನು ದಿಂಬಿನ ಮೇಲೆ ಕೂರಿಸಿದ್ದನ್ನು ಓದಿ ಅಂಚೆ ವಿಂಗಡಿಸುವ ಮೇಜಿನ ಮುಂದೆ ಒಬ್ಬಳೇ ನಕ್ಕೆ. ನಮ್ಮ ತಂಡದ ಹುಡುಗಿಯರಿಗೂ ಹೇಳಿದೆ, ನಾನು ಬೆಳೆದದ್ದೇ ಸೋತವರನ್ನು ಹೊದ್ದುಕೊಂಡು ಎಂದು. ಯಾರೂ ನಂಬಲಿಲ್ಲ. ಚಳಿಗಾಲದಲ್ಲಿ ಗಿರಣಿಯವರು ಬೆಚ್ಚಗಿರುತ್ತಿದ್ದರು, ಬಂದರಿನವರು ಚುಚ್ಚುತ್ತಿದ್ದರು ಎಂದೆ. ಆಗ ನಂಬಿದರು.

ಈ ಸಲ ತಂಡ ಚೆನ್ನಾಗಿದೆ ಅಪ್ಪ. ನಿನಗೆ ಹೇಳಬಾರದು, ಹೇಳಿದರೆ ಅದಕ್ಕೂ ಹೆದರುತ್ತೀಯ. ಆದರೂ ಹೇಳಿದ್ದೇನೆ.

ಸುಖವಾಗಿರುವ,
ಮಿಡತೆ


ಡಿಸೆಂಬರ್ ೧೯

ಮಿಡತೆಗೆ,

ಮೊಣಕಾಲು ಚೆನ್ನಾಗಿದೆ ಎಂದು ನೀನು ಬರೆದೆ. ನಿಮ್ಮ ತಂಡದ ಬಸ್ಸಿನ ಡ್ರೈವರ್ ಈ ಕಡೆ ಬಂದಿದ್ದವನು ಪ್ಯಾಂಟಿಗೆ ಜಿಪ್ ಹಾಕಿಸಲು ಅಂಗಡಿಗೆ ಬಂದ. ಅವನಿಗೆ ನಾನು ನಿನ್ನ ಅಪ್ಪ ಎಂದು ಗೊತ್ತಿಲ್ಲ. ನಾನೂ ಹೇಳಲಿಲ್ಲ. ಸುಮ್ಮನೆ, "ನಿಮ್ಮ ಕ್ಯಾಪ್ಟನ್ ಹೇಗೆ ಆಡ್ತಾಳೆ?" ಎಂದೆ.

"ಆಡೋದೇನೋ ಹುಲಿ ಹಾಗೆ ಆಡ್ತಾಳೆ ಯಜಮಾನ್ರೇ. ಆಟ ಮುಗಿದ ಮೇಲೆ ಬಸ್ ಮೆಟ್ಟಿಲು ಹತ್ತೋದನ್ನ ನೋಡೋಕಾಗಲ್ಲ. ಪ್ರತಿ ಆಟಕ್ಕೂ ಮಂಡಿಗೆ ಸೂಜಿ ಹಾಕಿಸ್ಕೊಂಡೇ ಇಳಿಯೋದು."

ಜಿಪ್ಪನ್ನು ತಲೆಕೆಳಗಾಗಿ ಹೊಲಿದುಬಿಟ್ಟೆ. ಬಿಚ್ಚಿ ಮತ್ತೆ ಹೊಲಿದುಕೊಟ್ಟೆ.

ಬೈಯುತ್ತಿಲ್ಲ. ಸೂಜಿ ಎಷ್ಟು ದಪ್ಪ, ಒಳಗೆ ಏನು ಹಾಕುತ್ತಾರೆ, ಅದರಿಂದ ಮುಂದೆ ಏನಾಗುತ್ತದೆ, ಇಷ್ಟು ಬರೆ. ಡಾಕ್ಟರು ಆಡು ಎಂದರೇ, ಆಡಬಹುದು ಎಂದರೇ? ಎರಡಕ್ಕೂ ವ್ಯತ್ಯಾಸವಿದೆ.

ಫಲಕ ಬರೆಯುವವನು ಬಂದಿದ್ದ. ಎಂಟನೇ ವರ್ಷವನ್ನು ಬಿಟ್ಟುಬಿಡೋಣ, ಏಳಾದ ಮೇಲೆ ಒಂಬತ್ತು ಬರೆದರೆ ಯಾರು ಕೇಳುತ್ತಾರೆ ಎಂದನಂತೆ. ಕಾರ್ಯದರ್ಶಿಯಮ್ಮ ಒಪ್ಪಲಿಲ್ಲ. ಜಾಗ ಖಾಲಿ ಬಿಡಿಸಿದ್ದಾರೆ. ಒಳ್ಳೆಯ ಹೆಂಗಸು. ಹಾಗೆ ನೋಡಿದರೆ ಖಾಲಿ ಜಾಗವೇ ನನಗೆ ಹೆಚ್ಚು ಇಷ್ಟವಾಯಿತು. ಆ ವರ್ಷ ಯಾರೂ ಸೋಲಲೂ ಇಲ್ಲ.

ನಿನ್ನ ಮಂಡಿಯನ್ನೇ ಯೋಚಿಸುತ್ತಿರುವ,
ಅಪ್ಪ


ಜನವರಿ ೮

ಅಪ್ಪ,

ಡ್ರೈವರಣ್ಣನ ಬಾಯಿಗೂ ಒಂದು ಜಿಪ್ ಹಾಕಿ ಕಳಿಸಬೇಕಾಗಿತ್ತು ನೀನು.

ಸೂಜಿ ತೆಳ್ಳಗಿದೆ. ಡಾಕ್ಟರು 'ಆಡಬಹುದು' ಎಂದರು. ನೀನು ಹಿಡಿದೇ ಹಿಡಿಯುತ್ತೀಯ ಎಂದು ಗೊತ್ತಿತ್ತು.

ಇದು ನನ್ನ ಕೊನೆಯ ವರ್ಷ. ಆಮೇಲೆ ಮೇಜಿನ ಮುಂದೆ ಕೂತು ಅಂಚೆ ವಿಂಗಡಿಸುತ್ತೇನೆ, ನಮ್ಮ ವಿಭಾಗದ ಚಿಕ್ಕ ಹುಡುಗಿಯರಿಗೆ ಕಲಿಸುತ್ತೇನೆ, ನೀನು ಹೇಳಿದ ಹಾಗೆಲ್ಲ ಕೇಳುತ್ತೇನೆ. ಒಂದೇ ಒಂದು ಸಲ ನಮ್ಮ ಕೆಂಪು ಮೇಲೆ ಹೋಗುವುದನ್ನು ಕೆಳಗೆ ನಿಂತು ನೋಡಬೇಕು. ಅಷ್ಟು ಬಿಟ್ಟರೆ ಬೇರೇನೂ ಬೇಡ.

ಮಿಡತೆ


ಫೆಬ್ರವರಿ ೨೧

ಮಿಡತೆಗೆ,

ಪತ್ರಿಕೆಯಲ್ಲಿ ಓದಿದೆ. ಫೈನಲ್‌ಗೆ ಬಂದಿರಿ. ಮತ್ತೆ ಬಂದರು ತಂಡದ ಎದುರೇ. ಕೊಡೆ ಮಾಮ ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದಾನೆ. ನನಗೂ ಸಂತೋಷವಾಗಿದೆ. ಸಂತೋಷ ಎಂದು ಎರಡು ಸಲ ಬರೆದು, ಹೊಡೆದುಹಾಕಿ, ಮತ್ತೆ ಬರೆದೆ ಅಷ್ಟೇ.

ಈ ಮಾತನ್ನು ಹೇಗೆ ಬರೆಯಲಿ ಎಂದು ನಾಲ್ಕು ದಿನದಿಂದ ಯೋಚಿಸಿದೆ. ಈ ಸಲ ನಿಮ್ಮ ತಂಡದ ಬಾವುಟವನ್ನು ನಾನು ಹೊಲಿಯುವುದಿಲ್ಲ.

ಕೋಪ ಮಾಡಿಕೊಳ್ಳಬೇಡ, ಪೂರ್ತಿ ಓದು. ನೀನು ಮೊದಲ ಸಲ ಫೈನಲ್‌ಗೆ ಬಂದಾಗ ನಾನು ಎಷ್ಟು ಚೆನ್ನಾಗಿ ಹೊಲಿದಿದ್ದೆ, ಅಂಚಿಗೆ ಎರಡೆರಡು ಸುತ್ತು. ಸೋತಿರಿ. ಎರಡನೇ ಸಲ ಇನ್ನೂ ಜಾಗ್ರತೆಯಾಗಿ ಹೊಲಿದೆ. ಮತ್ತೆ ಸೋತಿರಿ. ಎರಡು ಸಲವೂ ನೀನು ಮನೆಗೆ ಬರದೆ ತಂಡದ ಬಸ್ಸಿನಲ್ಲೇ ಹೊರಟುಹೋದೆ. ನಾನು ಆ ಕೆಂಪು ಗಂಟನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ.

ನಿಮ್ಮಮ್ಮನ ಕೈಗುಣ ಒಳ್ಳೆಯದು. ಅವಳು ಗುಂಡಿ ಹಾಕಿಕೊಟ್ಟ ಅಂಗಿ ತೊಟ್ಟು ಹೋದವರಿಗೆ ಕೆಲಸ ಸಿಗುತ್ತಿತ್ತು. ಅವಳು ಹೊಲಿದ ಎರಡು ವರ್ಷವೂ ಅಂಚೆ ತಂಡ ಗೆದ್ದಿತು. ನನ್ನ ಕೈಗೆ ಬಂದ ಮೇಲೆ ಒಂದು ಸಲವೂ ಇಲ್ಲ. ಬೇರೆ ಎಲ್ಲ ತಂಡಕ್ಕೂ ನನ್ನ ಕೈ ಆಗುತ್ತದೆ, ನಿನಗೆ ಮಾತ್ರ ಆಗಿಬರುವುದಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಕೊಡೆ ಮಾಮನಿಗೆ ಮೊನ್ನೆ ಹೇಳಿದೆ. "ಹಂಗಾದ್ರೆ ನನ್ನ ಕೈಲಿ ಹೊಲ್ಸು. ನಾನು ರಿಪೇರಿ ಮಾಡಿದ ಕೊಡೆ ಹಿಡ್ಕೊಂಡೋರೆಲ್ಲ ನೆನೆದೇ ಬರೋದು" ಎಂದ. ಅವನಿಗೆ ಎಲ್ಲವೂ ತಮಾಷೆ.

ನೀನೇ ಹೇಳು, ಯಾರ ಕೈಯಲ್ಲಿ ಹೊಲಿಸಲಿ?

ಅಪ್ಪ


ಫೆಬ್ರವರಿ ೨೬

ಅಪ್ಪ,

ನಿನ್ನ ಪತ್ರವನ್ನು ಮೊದಲು ಅರ್ಧ ಓದಿ ಮಡಚಿಟ್ಟೆ. ನಾವು ಗೆಲ್ಲುವುದಿಲ್ಲ ಎಂದು ಅಪ್ಪನಿಗೇ ಅನ್ನಿಸಿದೆ, ಸುಮ್ಮನೆ ಬಟ್ಟೆ ಯಾಕೆ ಹಾಳು ಎಂದುಕೊಂಡಿದ್ದಾನೆ ಎಂದು ತಿಳಿದುಕೊಂಡೆ. ಅಭ್ಯಾಸದಲ್ಲಿ ಆವತ್ತು ಒಂದು ಚೆಂಡನ್ನೂ ನೆಟ್ಟಗೆ ಹಾಕಲಿಲ್ಲ. ಆಮೇಲೆ ಉಳಿದರ್ಧ ಓದಿದೆ.

ಅಲ್ಲಪ್ಪ, ಅಮ್ಮ ಆ ಎರಡು ವರ್ಷವೂ ಸೋತ ತಂಡದ್ದನ್ನೂ ತಾನೇ ಹೊಲಿದಿದ್ದಳಲ್ಲ. ಆಗ ಅವಳ ಕೈಗುಣ ಎಲ್ಲಿ ಹೋಗಿತ್ತು?

ನಾನು ಬಸ್ಸಿನಲ್ಲಿ ಹೊರಟುಹೋದದ್ದು ನಿನ್ನ ಮುಖ ನೋಡಲಾಗದೆ. ಗೆದ್ದು ಬರುತ್ತೇನೆ ಎಂದು ಹೇಳಿ ಸೋತವಳು ನಾನು. ನೀನು ಬೇರೆ ಅರ್ಥ ಮಾಡಿಕೊಂಡು ಇಷ್ಟು ವರ್ಷ ಕೂತಿದ್ದೆಯಾ?

ನೀನೇ ಹೊಲಿ.

ಮಿಡತೆ


ಮಾರ್ಚ್ ೨

ಮಿಡತೆಗೆ,

ಕೈಗುಣ ಲೆಕ್ಕಕ್ಕೆ ಸಿಗುವಂಥದ್ದಲ್ಲ. ನೀನು ಕೇಳಿದ್ದು ಸರಿಯೇ. ಆದರೂ ಮನಸ್ಸು ಒಪ್ಪುವುದಿಲ್ಲ. ಕೆಂಪು ಬಟ್ಟೆಯನ್ನು ಮೇಜಿನ ಮೇಲೆ ಹರಡಿದೆ, ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಬಂದರು ತಂಡದ್ದನ್ನು ಒಂದೇ ಮಧ್ಯಾಹ್ನಕ್ಕೆ ಮುಗಿಸಿದೆ. ನೋಡು, ಅದಕ್ಕೆ ಕೈ ಸರಾಗವಾಗಿ ಓಡುತ್ತದೆ.

ನಿನ್ನ ಕೈಗುಣ ನಿಮ್ಮಮ್ಮನದೇ. ಹೊಲಿಯಲು ಬಾರದಿದ್ದರೂ ಪರವಾಗಿಲ್ಲ. ಬಟ್ಟೆ, ಕತ್ತರಿಸಿದ ಅಕ್ಷರ, ಅಂಕಿ ಎಲ್ಲವನ್ನೂ ಪಾರ್ಸೆಲ್ ಮಾಡಿದ್ದೇನೆ. ಎಲ್ಲಿ ಯಾವುದು ಕೂರಬೇಕೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ. ಅಕ್ಷರ, ಅಂಕಿ ಕತ್ತರಿಸಿದ ಬಿಳಿ ಬಟ್ಟೆಗೆ ಒಳ ಹೊರಗು ಇಲ್ಲ, ಎರಡು ಕಡೆಯೂ ಒಂದೇ ಥರ. ಅದಕ್ಕೇ ಮೇಲೆ ಬರಬೇಕಾದ ಬದಿಗೆ ಸಣ್ಣ ಗುರುತು ಹಾಕಿದ್ದೇನೆ, ಗುರುತು ಕಾಣುವ ಹಾಗೆ ಇಟ್ಟು ಹೊಲಿ. ಕೈ ಹೊಲಿಗೆ ಸಾಕು. ದಾರ ಬಿಗಿಯಾಗಿ ಎಳೆಯಬೇಡ, ಬಟ್ಟೆ ಸುಕ್ಕಾಗುತ್ತದೆ. ಬೆರಳಿಗೆ ಟೋಪಿ ಹಾಕಿಕೊ. ಮಂಡಿ ಮಡಚಿ ಕೂರಬೇಡ, ಕಾಲು ಚಾಚಿ, ಕೆಳಗೆ ದಿಂಬು ಇಟ್ಟುಕೊ.

ಯಾರಿಗೂ ಮುಟ್ಟಲು ಕೊಡಬೇಡ.

ಅಪ್ಪ


ಮಾರ್ಚ್ ೯

ಅಪ್ಪ,

ಆಯಿತು. ಬೆರಳೆಲ್ಲ ತೂತು. ಕಾಲಿನ ಮೇಲೆ ಐಸ್ ಚೀಲ, ಮಡಿಲಲ್ಲಿ ಬಾವುಟ, ಬಾಯಲ್ಲಿ ದಾರ. ನಮ್ಮ ಹುಡುಗಿಯರು ನೋಡಿ, "ಅಕ್ಕಾ, ನಾವೂ ಒಂದೊಂದು ಹೊಲಿಗೆ ಹಾಕ್ತೀವಿ" ಎಂದರು. ಮುಟ್ಟಿದರೆ ಜೋಕೆ ಎಂದೆ. ಎಲ್ಲರೂ ನನಗೆ ತಲೆ ಕೆಟ್ಟಿದೆ ಎಂದುಕೊಂಡಿದ್ದಾರೆ. ನಮ್ಮನೆಯಲ್ಲಿ ಇದು ಎಲ್ಲರಿಗೂ ಇದೆ ಎಂದು ಹೇಳಿದ್ದೇನೆ.

ಡ್ರೈವರಣ್ಣನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಬಿಚ್ಚಿ ನೋಡಬೇಡ. ನೋಡಿದರೆ ತಿದ್ದಬೇಕು ಅನ್ನಿಸುತ್ತದೆ, ತಿದ್ದಿದರೆ ನಿನ್ನ ಕೈ ತಾಗುತ್ತದೆ. ನಿನ್ನ ಮಾತೇ ನಿನಗೆ.

ಈ ಸಲ ಒಳಗೆ ಬಂದು ಕೂತು ಆಟ ನೋಡುತ್ತೀಯಾ?

ಮಿಡತೆ


ಮಾರ್ಚ್ ೧೭

ಮಿಡತೆಗೆ,

ಫೈನಲ್ ಆಗಿ ಮೂರು ದಿನವಾಯಿತು. ನೀನು ಈ ಸಲವೂ ಬಸ್ಸಿನಲ್ಲೇ ಹೋದೆ. ಯಾಕೆ ಎಂದು ಈಗ ಗೊತ್ತಿರುವುದರಿಂದ ನನಗೆ ಬೇಸರವಿಲ್ಲ. ಸ್ವಲ್ಪ ಇದೆ.

ಒಳಗೆ ಬಂದು ಕೂರಲಾಗಲಿಲ್ಲ, ಕ್ಷಮಿಸು. ಬಾವುಟ ಏರಿಸುವ ಹಗ್ಗದ ಕೋಣೆಯಲ್ಲೇ ಇದ್ದೆ. ಬೆಂಚಿನ ಮೇಲೆ ಎಡಗಡೆ ಬಂದರಿನ ಗಂಟು, ಬಲಗಡೆ ನಿನ್ನದು, ಮಧ್ಯೆ ನಾನು. ಗೋಡೆಯ ಆಚೆ ಚೆಂಡು ಪುಟಿಯುವ ಸದ್ದು. ಕೊಡೆ ಮಾಮ ಒಳಗೆ ಹೋಗುವುದು, ಓಡಿ ಬಂದು ಬಾಗಿಲಲ್ಲಿ ತಲೆ ಹಾಕುವುದು. "ನಿನ್ನ ಮಗಳು ಹಾಕಿದ್ಲು ಕಣೋ!" ಮತ್ತೆ ಬಂದು, "ಅವಳೇ, ಅವಳೇ ಇನ್ನೊಂದು!" ಒಂದು ಸಲ, "ಬಿದ್ಲು. ಎದ್ದಿದ್ದಾಳೆ. ಎದ್ದಿದ್ದಾಳೆ ಅಂದ್ನಲ್ಲ, ಕೂತ್ಕೋ" ಎಂದ. ಆಮೇಲೆ ಅವನು ಬರಲಿಲ್ಲ. ಜನ ಕೂಗಿದರು. ಸೀಟಿ ಊದಿದರು. ಯಾರಿಗಾಗಿ ಕೂಗಿದರು ಎಂದು ಗೋಡೆಯಾಚೆಯಿಂದ ತಿಳಿಯುವುದಿಲ್ಲ.

ಕಾರ್ಯದರ್ಶಿಯಮ್ಮ ಬಂದರು. ನನ್ನ ಮುಖ ನೋಡಲಿಲ್ಲ. ಎಡಗಡೆಯ ಗಂಟನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ಬೇರೆಯವರ ಕೈಲಿ ಎಳೆಸ್ಲಾ?" ಎಂದು ಮೆಲ್ಲಗೆ ಕೇಳಿದರು.

"ಬೇಡಮ್ಮ. ಗೆದ್ದಿರೋ ಹುಡುಗೀರು ಕಾಯ್ತಿರ್ತಾರೆ" ಎಂದೆ.

ಕಟ್ಟಿದೆ, ಎಳೆದೆ. ಈ ಸಲ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಬಾಗಿಲ ಸಂದಿಯಿಂದ ನಿನ್ನನ್ನು ನೋಡಿದೆ. ಎಲ್ಲರೂ ತಲೆಯೆತ್ತಿ ಬಾವುಟ ನೋಡುತ್ತಿದ್ದರು. ನೀನೊಬ್ಬಳೇ ಹಗ್ಗವನ್ನು ನೋಡುತ್ತಿದ್ದೆ. ಮೇಲಿನಿಂದ ಕೆಳಗೆ, ನನ್ನ ಕೈಯವರೆಗೆ. ಒಂದು ಕಾಲಿನ ಮೇಲೇ ಭಾರ ಹಾಕಿ ನಿಂತಿದ್ದೆ.

ಮನೆಗೆ ಬಂದು ಬಲಗಡೆಯ ಗಂಟು ಬಿಚ್ಚಿದೆ. ನಗುತ್ತೀಯೋ ಅಳುತ್ತೀಯೋ, ಇದನ್ನು ಹೇಳಲೇಬೇಕು. ಇಪ್ಪತ್ತಾರು ಎಂದಿರಬೇಕಾದ ಕಡೆ ಇಪ್ಪತ್ತೊಂಬತ್ತು ಎಂದಿದೆ. ಆರನ್ನು ಮಗುಚಿ ಹೊಲಿದಿದ್ದೀಯ. ನಮ್ಮ ೬ ಮಗುಚಿದರೆ ೯ರ ಹಾಗೇ ಕಾಣುತ್ತದಲ್ಲ. ನಿನ್ನ ತಪ್ಪಲ್ಲ, ಬಿಚ್ಚಿ ನೋಡಿದೆ, ಗುರುತನ್ನು ನಾನೇ ತಪ್ಪು ಬದಿಗೆ ಹಾಕಿದ್ದೆ. ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ ಎಂದು ಬರೆದಿದ್ದೆನಲ್ಲ. ಗೆದ್ದಿದ್ದರೆ ಅಷ್ಟೂ ಜನರ ಎದುರು ಮೂರು ವರ್ಷ ಮುಂದಿನ ಚಾಂಪಿಯನ್ ಆಗಿಬಿಡುತ್ತಿದ್ದಿರಿ. ಕೊಡೆ ಮಾಮನಿಗೆ ತೋರಿಸಿದೆ. "ಮಗಳು ಮುಂಗಡ ಕೆಲಸ ಮಾಡಿಟ್ಟಿದ್ದಾಳೆ, ಅಪ್ಪನ ಹಾಗೆ ಸೋಮಾರಿ ಅಲ್ಲ" ಎಂದ. ಇಬ್ಬರೂ ಬಹಳ ಹೊತ್ತು ನಕ್ಕೆವು. ಆಮೇಲೆ ಅವನು ಕೊಡೆ ಹುಡುಕುವ ನೆಪದಲ್ಲಿ ತಿರುಗಿ ಕೂತ.

ಹೊಲಿಗೆ ಚೆನ್ನಾಗಿದೆ. 'ಚ್ಯಾಂಪಿಯನ್' ಎಂದು ಅಮ್ಮನ ಹಾಗೇ ಕತ್ತರಿಸಿ ಕಳಿಸಿದ್ದೆ, ಗಮನಿಸಿದೆಯಾ?

ಕಾಲಿನ ವಿಷಯ ಬರೆ.

ಅಪ್ಪ


ಏಪ್ರಿಲ್ ೬

ಮಿಡತೆಗೆ,

ಪತ್ರವಿಲ್ಲ. ಅಂಚೆಯವನು ಬೀದಿ ತಿರುಗುವಾಗ ಎದ್ದು ನಿಲ್ಲುತ್ತೇನೆ, ಅವನು ದೂರದಿಂದಲೇ ತಲೆಯಾಡಿಸುತ್ತಾನೆ. ಆರು ಒಂಬತ್ತಾದದ್ದನ್ನು ಬರೆಯಬಾರದಿತ್ತೇನೋ. ತಮಾಷೆ ಎಂದು ಬರೆದೆ. ಗಾಯದ ಮೇಲೆ ಕೈ ಇಟ್ಟ ಹಾಗಾಯಿತೋ ಏನೋ.

ಒಂದು ಸಾಲು ಸಾಕು.

ಅಪ್ಪ


ಏಪ್ರಿಲ್ ೨೮

ಅಪ್ಪ,

ಹೆದರಬೇಡ, ಕೂತುಕೊಂಡು ಓದು. ಮೊಣಕಾಲಿಗೆ ಆಪರೇಷನ್ ಆಯಿತು. ಮೊದಲೇ ಹೇಳಿದ್ದರೆ ನನಗಿಂತ ಮೊದಲು ನೀನು ಆಸ್ಪತ್ರೆಯಲ್ಲಿ ಮಲಗಿರುತ್ತಿದ್ದೆ. ಈಗ ಕ್ವಾರ್ಟರ್ಸಿನಲ್ಲಿದ್ದೇನೆ. ಪಕ್ಕದ ಮನೆಯ ಅಕ್ಕ ಊಟ ತಂದುಕೊಡುತ್ತಾರೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕುತ್ತೇನೆ. ಇನ್ನು ಆಡುವ ಹಾಗಿಲ್ಲ, ಕಲಿಸಬಹುದು. 'ಕಲಿಸಬಹುದು' ಎಂದೇ ಡಾಕ್ಟರು ಹೇಳಿದ್ದು, ನೀನು ಕೇಳುವ ಮೊದಲೇ ಬರೆದುಬಿಟ್ಟೆ.

ನಿನ್ನ ಎರಡು ಪತ್ರವೂ ದಿಂಬಿನ ಕೆಳಗಿವೆ. ಇಪ್ಪತ್ತೊಂಬತ್ತು ಎಂಬುದನ್ನು ಓದಿ ನಾನು ನಕ್ಕ ನಗೆಗೆ ನರ್ಸಮ್ಮ ಬಂದು ಗದರಿಸಿದರು. ಬರೆಯಲು ಮಾತ್ರ ಆಗಲಿಲ್ಲ. ಬೇರೊಂದು ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು, ಅದು ಒಂದು ದಾರಿಗೆ ಬರಲಿ ಎಂದು ಕಾದೆ.

ಕೇಳು. ನೀನು ಎರಡು ಸಲ ಹೊಲಿದೆ, ಸೋತೆವು. ಈ ಸಲ ನಾನು ಹೊಲಿದೆ, ನಿನ್ನದು ಒಂದು ಹೊಲಿಗೆಯೂ ಬೀಳಲಿಲ್ಲ. ಆದರೂ ಸೋತೆವು. ಬಾವುಟ ಯಾರೇ ಹೊಲಿಯಲಿ, ಬಂದರಿನ ಆ ಉದ್ದನೆಯ ಹುಡುಗಿ ಚೆಂಡು ಹಾಕಿಯೇ ಹಾಕುತ್ತಾಳೆ. ಅಂದರೆ ನಿನ್ನ ಕೈಯಲ್ಲಿ ಏನೂ ಇಲ್ಲ ಅಪ್ಪ. ಯಾವತ್ತೂ ಇರಲಿಲ್ಲ.

ಈ ಸಲ ಗೆದ್ದಿದ್ದರೆ ಏನಾಗುತ್ತಿತ್ತು ಹೇಳು. ಕೆಂಪು ಬಾವುಟ ಮೇಲೆ ಹೋಗುತ್ತಿತ್ತು, ನಾನು ಕುಣಿಯುತ್ತಿದ್ದೆ, ನೀನು ಹಗ್ಗದ ಕೋಣೆಯಲ್ಲಿ ನಿಂತು, ನೋಡು, ನನ್ನ ಕೈಯೇ ನನ್ನ ಮಗಳಿಗೆ ಆಗಿಬರುತ್ತಿರಲಿಲ್ಲ ಎಂದು ಸಾಯುವ ತನಕ ನಂಬಿಕೊಂಡಿರುತ್ತಿದ್ದೆ. ನನ್ನ ಒಂದು ಬಾವುಟಕ್ಕಾಗಿ ನಿನ್ನ ಕೈಯ ಮೇಲಿನ ನಂಬಿಕೆಯೇ ಹೋಗುತ್ತಿತ್ತು. ಕಪ್ ಬಿಟ್ಟು ಬಂದದ್ದಕ್ಕೆ ಅಳು ಬರುತ್ತದೆ, ಸುಳ್ಳು ಹೇಳುವುದಿಲ್ಲ, ಬಾಗಿಲ ಬಳಿಯ ಆ ಫಲಕದಲ್ಲಿ ನನ್ನ ವರ್ಷ ಎಂಬುದು ಯಾವುದೂ ಇಲ್ಲ. ಆದರೆ ಇದೊಂದು ಸಿಕ್ಕಿತಲ್ಲ ಎಂದು ನೆನೆದಾಗ ಅಳು ನಿಲ್ಲುತ್ತದೆ.

ಮೊದಲ ಫೈನಲ್ ಸೋತ ಮೇಲೆ ನೀನು ನನಗೆ ಒಂದು ಬಟ್ಟೆಯನ್ನೂ ಹೊಲಿದುಕೊಟ್ಟಿಲ್ಲ. "ಅಂಗಡೀಲಿ ಚೆನ್ನಾಗಿರೋದು ಸಿಗುತ್ತಲ್ಲ" ಎನ್ನುತ್ತಿದ್ದೆ. ನಿನಗೆ ಕೆಲಸ ಜಾಸ್ತಿ ಎಂದುಕೊಂಡಿದ್ದೆ. ಯಾಕೆ ಎಂದು ಈಗ ಹೊಳೆಯಿತು.

ಮುಂದಿನ ತಿಂಗಳು ಕೆಲಸಕ್ಕೆ ಹೋಗಬೇಕು. ಬಲಗಾಲಿಗೆ ದಪ್ಪ ಪಟ್ಟಿ, ಅದರ ಮೇಲೆ ಕಬ್ಬಿಣದ ಕಡ್ಡಿಯ ಕವಚ. ಅಂಗಡಿಯ ಪ್ಯಾಂಟಿನಲ್ಲಿ ಎರಡು ಕಾಲೂ ಒಂದೇ ಅಳತೆ, ಯಾವುದೂ ಏರುವುದಿಲ್ಲ. ಒಂದು ಕಾಲು ಅಗಲ, ಒಂದು ಕಾಲು ಸಣ್ಣ ಇರುವ ಪ್ಯಾಂಟು ಬೇಕು. ನೀನೇ ಹೊಲಿಯಬೇಕು, ನಿನ್ನ ಕೈಯಲ್ಲೇ. ಅಳತೆಯನ್ನು ನರ್ಸಮ್ಮನಿಂದ ಅಳೆಸಿ ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಹೊಲಿಯುತ್ತೀಯಾ?

ಮಿಡತೆ


ಮೇ ೨

ಮಿಡತೆಗೆ,

ಹೇಳಿದ ಹಾಗೆ ಕೂತುಕೊಂಡೇ ಓದಿದೆ. ಆಮೇಲೆ ಕೂರಲಾಗಲಿಲ್ಲ. ಬೀದಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆದೆ. ಕೊಡೆ ಮಾಮ ಪತ್ರ ಕಿತ್ತುಕೊಂಡು ತಾನೂ ಓದಿದ. "ನಿನ್ನ ಮಗಳು ಚೆಂಡಾಟ ಬಿಟ್ಟು ವಕೀಲಿ ಮಾಡ್ಬೇಕಿತ್ತು" ಎಂದ. "ಇನ್ನೇನು ಹೇಳ್ತೀಯ? ವಾದ ಮುಗೀತು. ಕೈ ತೊಳ್ಕೊಂಡು ಕತ್ತರಿ ತಗೋ."

ನಿನ್ನ ವಾದದಲ್ಲಿ ಎಲ್ಲಾದರೂ ತೂತು ಇದೆಯೇ ಎಂದು ಎರಡು ದಿನ ಹುಡುಕಿದೆ. ನನಗೆ ಸಿಗಲಿಲ್ಲ. ಹಾಗೆಂದು ಹೆದರಿಕೆ ಪೂರ್ತಿ ಹೋಗಿದೆ ಎಂದುಕೊಳ್ಳಬೇಡ, ಅದು ಹೋದರೆ ನಾನು ಏನು ಮಾಡುತ್ತಾ ಕೂರಲಿ? ಆದರೆ ಬಟ್ಟೆ ಹರಡಿದೆ. ಬೂದು ಬಣ್ಣ, ಮೆತ್ತಗಿದೆ, ಕಡ್ಡಿಗೆ ಉಜ್ಜಿದರೂ ಬೇಗ ಹರಿಯುವುದಿಲ್ಲ. ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು.

ಕತ್ತರಿ ಇನ್ನೂ ಹಾಕಿಲ್ಲ. ನರ್ಸಮ್ಮನ ಅಳತೆ ನೋಡಿದೆ. ಅವರು ಅಳೆದಿರುವುದು ಮಲಗಿದ್ದ ಕಾಲನ್ನು. ಕೂತಾಗ ಮಂಡಿಯ ಹತ್ತಿರ ಎಷ್ಟು ಬೇಕು, ನಿಂತಾಗ ಎಷ್ಟು ಇಳಿಯಬೇಕು, ಕವಚದ ಕೊಕ್ಕೆ ಯಾವ ಬದಿಗೆ, ನೀನು ಎಷ್ಟು ಸೊರಗಿದ್ದೀಯ, ಇದ್ಯಾವುದೂ ಅದರಲ್ಲಿಲ್ಲ. ಅಳತೆ ತೆಗೆಯಲು ಮನುಷ್ಯ ಎದುರಿಗೆ ಇರಬೇಕು.

ನಾಡಿದ್ದು ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ಕಂಡಕ್ಟರ್ ಹಿಂದಿನ ಸೀಟಿನಲ್ಲೇ ಕೂರುತ್ತೇನೆ, ಎಲ್ಲಿ ಇಳಿಯಬೇಕು ಎಂದು ಊರೂರಿಗೂ ಕೇಳುತ್ತೇನೆ, ಬೈದರೆ ಬೈಯಲಿ. ಅಂಗಡಿಯ ಬೀಗದ ಕೈ ಕೊಡೆ ಮಾಮನ ಹತ್ತಿರ. ಹೊಲಿಗೆ ಮಿಷನ್ನನ್ನು ಹೊರಲಾಗದು, ಪಕ್ಕದ ಮನೆಯ ಅಕ್ಕನ ಹತ್ತಿರ ಇದ್ದರೆ ಕೇಳಿಟ್ಟಿರು, ಇಲ್ಲದಿದ್ದರೆ ಕೈಯಲ್ಲೇ ಹೊಲಿಯುತ್ತೇನೆ. ಒಂದು ವಾರ ಇರುತ್ತೇನೆ. ಹೆಚ್ಚಾಯಿತು ಅನ್ನಿಸಿದರೆ ಹೇಳು. ಹೇಳಬೇಡ.

ಈ ಪತ್ರ ನನಗಿಂತ ಮೊದಲು ಬರಬೇಕು. ಬರದಿದ್ದರೂ ಚಿಂತೆಯಿಲ್ಲ, ಬಂದವನೇ ಓದಿ ಹೇಳುತ್ತೇನೆ.

ಬಾಗಿಲ ಚಿಲಕ ತೆಗೆದಿಟ್ಟಿರು. ಅಪ್ಪ ಬಂದ ಎಂದು ಏಳಬೇಡ.

ಬರುತ್ತಿರುವ,
ಅಪ್ಪ